ಉಸ್ತರಾ ಹರಿತವಾಗಿರಲಿ, ಶುದ್ಧವೂ ಆಗಿರಲಿ

ಹೊಳೆನರಸೀಪುರದ ಯುವಕನೊಬ್ಬ ಕುತ್ತಿಗೆ ತುಂಬ ಕೆಂಪು ಗುಳ್ಳೆಗಳೊಂದಿಗೆ ನನ್ನ ದವಾಖಾನೆಗೆ ಬಂದಿದ್ದ. ಅಟ್ಟದಲ್ಲಿ ಸಿಕ್ಕ ದಾದಾರ ಉಸ್ತರಾವನ್ನು ಅವರದೇ ಸಾಣೆಕಲ್ಲಿನಲ್ಲಿ ಮಸೆದು ಗಡ್ಡದ ಅಂಚು ತೆಗೆದಿದ್ದನಂತೆ. ಎರಡನ್ನೂ ತರಿಸಿ ನೋಡಿದೆ. ಕಲ್ಲಿನ ನಡು ಹಳ್ಳಬಿದ್ದಿತ್ತು, ಮೇಲೆಲ್ಲ ಎಣ್ಣೆಯ ಜಿಡ್ಡು. ಅಂಥ ಕಲ್ಲಿಗೆ ಅಲಗು ಸಮನಾಗಿ ತಾಗುವುದಿಲ್ಲ. ಮೊಂಡು ಅಲಗನ್ನು ಒತ್ತಿ ಎಳೆದಾಗ ಚರ್ಮ ತರಚಿ, ಕೂದಲಿನ ಬುಡಕ್ಕೆ ರೋಗಾಣು ಸೇರುತ್ತದೆ.

ಹಾಸನ, ಅರಕಲಗೂಡು, ಚನ್ನರಾಯಪಟ್ಟಣದ ಹಳೆಯ ಮನೆಗಳಲ್ಲೂ ಇಂಥ ಕಲ್ಲು ಇರಬಹುದು. ಆದರೆ ಎಲ್ಲ ಕಲ್ಲೂ ಸಾಣೆಗೆ ಬರುವುದಿಲ್ಲ. ಹಳೇಬೀಡಿನ ಶಿಲ್ಪಗಳ ಬಳಪದ ಕಲ್ಲು ಉಕ್ಕನ್ನು ಮಸೆಯಲಾರದಷ್ಟು ಮೆದು. ಗ್ರಾನೈಟಿನ ಹರಳು ದಪ್ಪ. ಉಸ್ತರಾಕ್ಕೆ ಬೇಕಾದದ್ದು ಗಟ್ಟಿಯಾದ, ಬಹಳ ನುಣ್ಣನೆಯ ಕಣದ ಕಲ್ಲು.

ಹಳೆಯ ಕಲ್ಲನ್ನು ಸರಿಪಡಿಸುವುದು ಕಷ್ಟವಲ್ಲ. ಬೆಚ್ಚನೆಯ ಸೋಪಿನ ನೀರಿನಲ್ಲಿ ಬ್ರಷ್‌ನಿಂದ ಉಜ್ಜಿ ಜಿಡ್ಡು ತೆಗೆಯಿರಿ. ಕಲ್ಲಿನ ಮೇಲೆ ಪೆನ್ಸಿಲಿನಿಂದ ಚೌಕುಳಿ ಗೆರೆ ಎಳೆಯಿರಿ. ದಪ್ಪ ಗಾಜಿನ ಮೇಲೆ 220 ನಂಬರಿನ ವಾಟರ್ ಪೇಪರ್ ಹಾಸಿ, ನೀರು ಬಿಡುತ್ತಾ ಕಲ್ಲನ್ನು ಉಜ್ಜಿ. ಗೆರೆಗಳೆಲ್ಲ ಅಳಿದರೆ ಕಲ್ಲು ಮಟ್ಟವಾಯಿತೆಂದು ಅರ್ಥ. ಆಮೇಲೆ 400, 1000 ನಂಬರಿನಲ್ಲಿ ನುಣುಪು ಮಾಡಿ. ಒಣಗಿಸಿ ಉಜ್ಜಬೇಡಿ, ಆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಕೆಲಸ ಮುಗಿದ ಮೇಲೆ ಕಲ್ಲನ್ನು ನೆರಳಿನಲ್ಲಿ ಆರಿಸಿ.

ಮಸೆಯುವಾಗ ಉಸ್ತರಾದ ಬೆನ್ನು, ಅಲಗು ಎರಡೂ ಒದ್ದೆ ಕಲ್ಲಿಗೆ ತಾಗಿರಲಿ. ಅಲಗು ಮುಂದಾಗಿ, ಒತ್ತದೆ ತಳ್ಳಿ. ಹೊರಳಿಸುವಾಗ ಬೆನ್ನಿನ ಮೇಲೆಯೇ ಹೊರಳಿಸಿ. ಕೊನೆಗೆ ತೊಗಲಿನ ಪಟ್ಟಿಯ ಮೇಲೆ ಬೆನ್ನು ಮುಂದಾಗಿ ಎಳೆಯಿರಿ. ಅಡುಗೆಮನೆಯ ಚಾಕುವಿಗೆ ಬೇರೆ ಕಲ್ಲು ಇಡಿ.

ಇಲ್ಲಿಯವರೆಗಿನದು ಹರಿತದ ಮಾತು. ಆದರೆ ಹರಿತವಾದದ್ದೆಲ್ಲ ಶುದ್ಧವಲ್ಲ. ಹೆಪಟೈಟಿಸ್ ಬಿ ವೈರಾಣು ದೇಹದ ಹೊರಗೆ ಕನಿಷ್ಠ 7 ದಿನ ಬದುಕಬಲ್ಲದು. ಕಣ್ಣಿಗೆ ಕಾಣದಷ್ಟು ರಕ್ತ ಅಲಗಿನಲ್ಲಿದ್ದರೂ ಸಾಕು. ಸಾಣೆ ಹಿಡಿದರೆ ಅದು ಸಾಯುವುದಿಲ್ಲ. ಸ್ಪಿರಿಟ್‌ನಿಂದ ಒರೆಸಿದೆವೆಂದು ನಂಬಿ ಕೂರುವಂತೆಯೂ ಇಲ್ಲ. ಹಿಜಾಮಾದಲ್ಲಿ ನಾವು ಪ್ರತಿ ರೋಗಿಗೂ ಹೊಸ ಬ್ಲೇಡ್ ಬಳಸುವುದು ಇದೇ ಕಾರಣಕ್ಕೆ.

ಅಕೀಕಾದ ದಿನ ಏಳು ದಿನದ ಕೂಸಿನ ತಲೆ ಬೋಳಿಸುವಾಗ ಇದನ್ನು ಮರೆಯಲೇಬೇಡಿ. ಹಸುಗೂಸಿಗೆ ಈ ಸೋಂಕು ತಗುಲಿದರೆ ಹತ್ತರಲ್ಲಿ ಒಂಬತ್ತು ಮಕ್ಕಳಲ್ಲಿ ಅದು ದೀರ್ಘಕಾಲ ಉಳಿದು ಯಕೃತ್ತನ್ನು ಕೆಡಿಸಬಹುದು. ಹುಟ್ಟಿದ 24 ಗಂಟೆಯೊಳಗೆ ಹೆಪಟೈಟಿಸ್ ಬಿ ಲಸಿಕೆ ಹಾಕಿಸಿ; ತಲೆ ಬೋಳಿಸಲು ಬರುವವರು ನಿಮ್ಮ ಕಣ್ಣೆದುರೇ ಹೊಸ ಬ್ಲೇಡ್ ಬಿಚ್ಚಲಿ. ಕೇಳಲು ಸಂಕೋಚ ಬೇಡ.

ಮೀಸೆ ಕತ್ತರಿಸಲು, ಗುಪ್ತಾಂಗದ ಕೂದಲು ತೆಗೆಯಲು 40 ದಿನ ಮೀರಬಾರದೆಂದು ಹದೀಸ್ ಕಲಿಸುತ್ತದೆ. ಮನೆಯಲ್ಲಿ ನಾಲ್ವರಿದ್ದರೆ ನಾಲ್ಕು ರೇಜರ್ ಇರಲಿ. ದಾದಾರ ಉಸ್ತರಾ ಮೊಮ್ಮಗನಿಗೆ ಬರಲಿ, ಆದರೆ ಅದು ಒಬ್ಬನ ಕೈಯಲ್ಲಿ, ಒಬ್ಬನ ಮುಖಕ್ಕೆ ಮಾತ್ರ.