ನೆಲಮನೆಯ ಆಲೂಗಡ್ಡೆ, ಕಿಲ್ಲಾರಿಯ ಕಲ್ಲು

1993ರ ಸೆಪ್ಟೆಂಬರ್ 30. ಹಿಂದಿನ ರಾತ್ರಿ ಗಣಪತಿಯನ್ನು ಕಳಿಸಿ ಬಂದು ಮಲಗಿದ್ದ ಜನ. ಬೆಳಗಿನ ಜಾವ 3 ಗಂಟೆ 56 ನಿಮಿಷಕ್ಕೆ ನೆಲ ನಡುಗಿತು. ಕಲ್ಲು-ಮಣ್ಣಿನ ದಪ್ಪ ಗೋಡೆ, ಮೇಲೆ ಮಣ್ಣು ಹೇರಿದ ಮಾಳಿಗೆ. ಬಿರುಬಿಸಿಲಲ್ಲೂ ತಂಪಾಗಿಟ್ಟಿದ್ದ ಮನೆಗಳೇ ಮೈಮೇಲೆ ಬಿದ್ದವು. ಮಹಾರಾಷ್ಟ್ರದ ಕಿಲ್ಲಾರಿಯಿಂದ ಉಮರ್ಗಾ, ನಿಲಂಗಾದ ಹಳ್ಳಿಗಳವರೆಗೆ ಸತ್ತವರು ಹತ್ತು ಸಾವಿರದ ಹತ್ತಿರ. 52 ಹಳ್ಳಿಗಳನ್ನು ಬೇರೆ ಜಾಗದಲ್ಲಿ ಹೊಸದಾಗಿ ಕಟ್ಟಬೇಕಾಯಿತು.

ಗೋಡೆಗೆ ಸಿಮೆಂಟು ಬಂತು. ಉಳಿದವರ ಮನಸ್ಸಿಗೆ? ಭೂಕಂಪದ ಮಾನಸಿಕ ಪರಿಣಾಮಗಳ ಅಧ್ಯಯನಕ್ಕೆ ಮುಂದಾಳಾದವರು ಪುಣೆಯ ಮನೋವೈದ್ಯ ಮೋಹನ್ ಅಗಾಶೆ.

ಇಂಥ ಕಡೆ ಆಪ್ತಸಲಹೆಗಾರ ಕೈಯಲ್ಲಿ ಹಿಡಿದು ಬರುವ ಪ್ರಶ್ನಾವಳಿಯ ಹಿಂದೆ ಇನ್ನೊಂದು ಪ್ರಶ್ನೆ ಇರುತ್ತದೆ: ಮನುಷ್ಯ ಅಂದರೆ ಎಂಥವನು? ಅದಕ್ಕೆ ಅವನು ಬಾಯಿಬಿಟ್ಟು ಉತ್ತರ ಹೇಳುವುದಿಲ್ಲ. ಆದರೆ ಕೂರುವ ರೀತಿ, ಕೇಳುವ ಮಾತು, ಸುಮ್ಮನಿರುವ ಗಳಿಗೆ ಎಲ್ಲವೂ ಆ ಉತ್ತರದಿಂದಲೇ ಹುಟ್ಟುತ್ತವೆ.

ಅಮೆರಿಕದ ಮನೋವಿಜ್ಞಾನಿ ಕಾರ್ಲ್ ರೋಜರ್ಸ್ ಈ ಉತ್ತರ ಕಂಡುಕೊಂಡದ್ದು ಆಲೂಗಡ್ಡೆಯಲ್ಲಿ. ಬಾಲ್ಯದ ಮನೆಯಲ್ಲಿ ಚಳಿಗಾಲಕ್ಕೆಂದು ನೆಲಮನೆಯಲ್ಲಿ ಕೂಡಿಟ್ಟ ಗಡ್ಡೆಗಳು ಕತ್ತಲಲ್ಲೇ ಮೊಳಕೆಯೊಡೆಯುತ್ತಿದ್ದವು. ಬಿಳಿಚಿಕೊಂಡ, ಬಡಕಲು ಮೊಳಕೆಗಳು ಎರಡು-ಮೂರು ಅಡಿ ಉದ್ದ ಬೆಳೆದು ದೂರದ ಪುಟ್ಟ ಕಿಟಕಿಯತ್ತ ಚಾಚುತ್ತಿದ್ದವು. ಎಂಥ ಹೀನ ಸ್ಥಿತಿಯಲ್ಲೂ ಜೀವ ಬೆಳಕಿನತ್ತಲೇ ತುಡಿಯುತ್ತದೆ ಎಂದು ನಂಬಿದ ರೋಜರ್ಸ್ ಉಪದೇಶ ಬಿಟ್ಟರು, ಕೇಳಿಸಿಕೊಳ್ಳುವುದನ್ನೇ ಚಿಕಿತ್ಸೆ ಮಾಡಿದರು. ಇನ್ನೊಬ್ಬ ಮನೋವಿಜ್ಞಾನಿ ಆಲ್ಬರ್ಟ್ ಎಲ್ಲಿಸ್ ಬೇರೆ ಜಾತಿಯ ಮನುಷ್ಯ. ಹೆಣ್ಣುಮಕ್ಕಳ ಜೊತೆ ಮಾತಾಡಲು ಹೆದರುತ್ತಿದ್ದ 19ರ ಹುಡುಗ ಎಲ್ಲಿಸ್, ನ್ಯೂಯಾರ್ಕಿನ ಉದ್ಯಾನದಲ್ಲಿ ಕೂತು ಒಂದು ತಿಂಗಳಲ್ಲಿ ನೂರಕ್ಕೂ ಹೆಚ್ಚು ಮಂದಿಯನ್ನು ಮಾತಾಡಿಸಿದ. ಭಯ ಹೋಯಿತು. ಹಾಗಾಗಿ ಎಲ್ಲಿಸ್ ಎದುರಿಗೆ ಕೂತವರೊಡನೆ ವಾದಕ್ಕಿಳಿಯುತ್ತಿದ್ದರು: ನಿಮ್ಮನ್ನು ಕಾಡುತ್ತಿರುವುದು ಘಟನೆಯಲ್ಲ, ಅದರ ಬಗ್ಗೆ ನೀವು ಹಿಡಿದಿರುವ ನಂಬಿಕೆ.

ಮನೆ ಬಿದ್ದು ಮಕ್ಕಳನ್ನು ಕಳಕೊಂಡ ತಾಯಿಯ ಮುಂದೆ ಈ ವಾದ ನಿಲ್ಲುತ್ತದೆಯೇ? ಕಷ್ಟ.

ರೋಜರ್ಸ್, ಎಲ್ಲಿಸ್ ಇಬ್ಬರೂ ಕಂಡ ಮನುಷ್ಯ ಒಂಟಿ ಎಂಬುದು ಗಮನಿಸಬೇಕಾದ ಸಂಗತಿ. ನಮ್ಮವರು ಬೇರೆ ದಾರಿ ಹಿಡಿದಿದ್ದರು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅಂಗಳದಲ್ಲಿ ಡೇರೆ ಹಾಕಿಸಿ, ರೋಗಿಯ ಜೊತೆ ಮನೆಯವರನ್ನೂ ಇರಿಸಿಕೊಂಡರು. ಮನೋವೈದ್ಯ ಜಸ್ವಂತ್ ಸಿಂಗ್ ನೇಕಿ 1973ರಲ್ಲಿ ಗುರು-ಶಿಷ್ಯ ಸಂಬಂಧವೇ ಇಲ್ಲಿಯ ಚಿಕಿತ್ಸೆಗೆ ಮಾದರಿಯಾಗಬಲ್ಲದು ಎಂದು ವಾದಿಸಿದರು. ಆಪ್ತಸಲಹೆಗಾರನನ್ನು ‘ಅಣ್ಣಾ, ಏನ್ ಮಾಡಲಿ ನೀವs ಹೇಳ್ರಿ’ ಎಂದು ಕೇಳುವ ಸೀಮೆಯಲ್ಲಿ, ಉತ್ತರ ಕೊಡದೆ ತಲೆಯಾಡಿಸುವವನು ಕೈಬಿಟ್ಟವನಂತೆ ಕಾಣುತ್ತಾನೆ.

ಭೂಕಂಪದ ಈ ಸೀಮೆಗೆ ಕನ್ನಡ ಹೊರಗಿನದಲ್ಲ. ನಿಲಂಗಾ, ಉದ್ಗೀರ್ 1956ರವರೆಗೆ ಬೀದರ್ ಜಿಲ್ಲೆಯಲ್ಲೇ ಇದ್ದವು. ಉಮರ್ಗಾಕ್ಕೆ ಬಸವಕಲ್ಯಾಣ ದೂರವಲ್ಲ. ಕಚೇರಿಯ ಮಾತು ಮರಾಠಿಯಾದರೂ ಎಷ್ಟೋ ಮನೆಗಳಲ್ಲಿ ಸಂಕಟ ಹೊರಬರುವುದು ಕನ್ನಡದಲ್ಲಿ: ‘ಜೀವಕ್ಕ ಸಮಾಧಾನಿಲ್ಲ’, ‘ನಿದ್ದಿ ಹತ್ತವಲ್ದು’. ಇದನ್ನು ‘ಖಿನ್ನತೆ’ ಎಂದು ಬರೆದುಕೊಳ್ಳುವವನಿಗೆ ಮನುಷ್ಯ ಒಂದು ಮೆದುಳು. ‘ಯಾವಾಗಿಂದ, ಸಾಲದ ನೋಟಿಸ್ ಬಂದಾಗಿಂದೇನು?’ ಎಂದು ಕೇಳುವವನಿಗೆ ಅದೇ ಮನುಷ್ಯ ಹೊಲ, ಸೊಸೈಟಿ, ಮಗಳ ಮದುವೆ ಎಲ್ಲ ಸೇರಿದ ಒಂದು ಗಂಟು. ಮಾತ್ರೆ ಬೇಕಾಗಬಹುದು, ಬೇಡವೆಂದಲ್ಲ. ಆದರೆ ಸೋಯಾಬೀನ್ ದರ ಬಿದ್ದ ವರ್ಷ ಬರೀ ಮಾತ್ರೆ ಬರೆದುಕೊಟ್ಟರೆ ರೈತ ನಗುತ್ತಾನೆ.

ಮಹಾರಾಷ್ಟ್ರ ಸರ್ಕಾರ 2015ರಲ್ಲಿ ರೈತರ ಆತ್ಮಹತ್ಯೆ ಹೆಚ್ಚಿದ್ದ 14 ಜಿಲ್ಲೆಗಳಿಗೆ ‘ಪ್ರೇರಣಾ ಪ್ರಕಲ್ಪ’ ಎಂಬ ಆಪ್ತಸಲಹೆಯ ಯೋಜನೆ ತಂದಾಗ ಮನೆಮನೆಗೆ ಹೋಗಿ ಕೇಳುವ ಕೆಲಸ ಆಶಾ ಕಾರ್ಯಕರ್ತೆಯರ ಪಾಲಿಗೆ ಬಂತು. ಅದೇ ಊರಿನವರು, ಯಾರ ಮನೆಯ ಒಲೆ ಯಾಕೆ ಹೊತ್ತಿಲ್ಲ ಎಂದು ಬಲ್ಲವರು. ಮನುಷ್ಯನನ್ನು ಅವನ ಮನೆಯಲ್ಲೇ, ಅವನವರ ನಡುವೆಯೇ ನೋಡಬೇಕೆಂಬ ನಿಲುವು ಇಲ್ಲಿ ಬಲ.

ಇಲ್ಲೇ ತೊಡಕೂ ಇದೆ. ಮನೆಯವರೇ ಗಾಯವಾಗಿದ್ದರೆ? ಗಂಡ ತೀರಿಕೊಂಡ ಸೊಸೆಯನ್ನು ಪಡಸಾಲೆಯಲ್ಲಿ ಕೂರಿಸಿ, ಅತ್ತೆಯ ಎದುರೇ ‘ಹೆಂಗದೀಯವ್ವ?’ ಎಂದರೆ ‘ಚೊಲೋ ಅದೀನ್ರಿ’ ಎಂಬ ಮಾತಷ್ಟೇ ಸಿಗುತ್ತದೆ. ಆಗ ರೋಜರ್ಸ್‌ನ ಆಲೂಗಡ್ಡೆಯೇ ನೆನಪಾಗಬೇಕು. ಜಾಣೆಯಾದ ಕಾರ್ಯಕರ್ತೆ ಪೆನ್ನು ಮುಚ್ಚಿ, ಕುಡಿಯಲು ನೀರು ಬೇಡುತ್ತಾಳೆ. ಅತ್ತೆ ಒಳಗೆ ಹೋಗಿ ಬರುವ ಆ ಎರಡು ನಿಮಿಷದಲ್ಲಿ ಸೊಸೆ ಮಾತಾಡುತ್ತಾಳೆ.