ಬಯಲುಸೀಮೆಯ ಕಾಲುದಾರಿಯಲ್ಲಿ ಸೈಕಲ್ ಸವಾರಿ

ಕಾಫಿ ಕೊಯ್ಲು ಮುಗಿದು, ಅಡಿಕೆ ಸುಲಿದು, ಹೂಮಳೆಗಾಗಿ ಮುಗಿಲು ನೋಡುತ್ತ ಕೂರುವ ಫೆಬ್ರವರಿಯ ಹದಿನೈದು ದಿನಗಳು ನಮ್ಮಂಥ ಸಣ್ಣ ಹಿಡುವಳಿದಾರರಿಗೆ ವರ್ಷದಲ್ಲಿ ಸಿಗುವ ಒಂದೇ ಬಿಡುವು. ಈ ಸಲ ಆ ಬಿಡುವನ್ನು ನಾನು ಬಳ್ಳಾರಿಯಲ್ಲಿರುವ ಮಗಳ ಮನೆಯಲ್ಲಿ ಕಳೆದೆ. ಅಲ್ಲಿ ಮೊಮ್ಮಗನ ಸೈಕಲ್ಲು ಹತ್ತಿದ್ದರಿಂದ ನನ್ನ ತೋಟಕ್ಕೆ ಒಂದು ಲಾಭವಾಯಿತು. ಅದನ್ನು ನಿಮ್ಮೊಡನೆ ಹಂಚಿಕೊಳ್ಳಲು ಈ ಬರಹ.

ಅದು ಅಂಗಡಿಯವರು ‘ಮೌಂಟನ್ ಬೈಕ್’ ಎನ್ನುವ ಸೈಕಲ್ಲು. ಎರಡು ಅಂಗುಲ ದಪ್ಪದ ಟೈರು, ನೇರವಾದ ಹ್ಯಾಂಡಲ್ಲು, ಎರಡು ಬ್ರೇಕು, ಅಷ್ಟೆ. ಗೇರೂ ಇಲ್ಲ, ಸ್ಪ್ರಿಂಗೂ ಇಲ್ಲ. ಈ ಬಗೆಯ ಸೈಕಲ್ಲು ಹುಟ್ಟಿದ್ದೂ ಹೀಗೆ ಸರಳವಾಗಿಯೇ. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಕೆಲವು ತರುಣರು ಗುಜರಿಗೆ ಬಿದ್ದಿದ್ದ ದಪ್ಪ ಟೈರಿನ ಹಳೆಯ ಸೈಕಲ್ಲುಗಳನ್ನು ರಿಪೇರಿ ಮಾಡಿ ಗುಡ್ಡದ ಮಣ್ಣುದಾರಿಯಲ್ಲಿ ಇಳಿಸತೊಡಗಿದರು. 1976ರಲ್ಲಿ ಅವರು ಪಂದ್ಯವನ್ನೂ ನಡೆಸಿದರು. ಒಂದೇ ಇಳಿತಕ್ಕೆ ಹಿಂಗಾಲಿಯ ಬ್ರೇಕಿನ ಗ್ರೀಸು ಸುಟ್ಟುಹೋಗುತ್ತಿತ್ತಂತೆ. ಪ್ರತಿ ಸಲವೂ ಹೊಸ ಗ್ರೀಸು ತುಂಬಬೇಕಾಗುತ್ತಿತ್ತು. 1996ರ ಅಟ್ಲಾಂಟಾ ಒಲಿಂಪಿಕ್ಸಿನಲ್ಲಿ ಈ ಸವಾರಿಗೂ ಸ್ಥಾನ ದೊರೆಯಿತು.

ಸಂಗನಕಲ್ಲಿನ ದಾರಿ

ಮೊದಲ ದಿನ ಟೈರಿಗೆ ಕಲ್ಲಿನಂತೆ ಗಾಳಿ ತುಂಬಿಸಿ ಹೊರಟೆ. ಸೈಕಲ್ ಶಾಪಿನವನು ನಕ್ಕು, “ಯಜಮಾನ್ರೇ, ಇಷ್ಟು ಗಾಳಿ ಇಟ್ರ ಕಲ್ಲಿನ ಮ್ಯಾಲ ಕುಪ್ಪಳಿಸ್ತೈತ್ರಿ, ಸ್ವಲ್ಪ ಬಿಡ್ರಿ” ಎಂದ. ಹೆಬ್ಬೆರಳಲ್ಲಿ ಒತ್ತಿದರೆ ತುಸು ತಗ್ಗುವಷ್ಟು ಬಿಟ್ಟ ಮೇಲೆ ಸವಾರಿಯೇ ಬೇರೆಯಾಯಿತು. ಚಕ್ರ ಗರಸನ್ನು ಕಚ್ಚಿಕೊಂಡು ಹೋಯಿತು, ಸೊಂಟದ ನೋವೂ ಉಳಿಯಿತು.

ಊರಿನ ಹತ್ತಿರವೇ ಸಂಗನಕಲ್ಲಿನ ಗುಡ್ಡಗಳಿವೆ. ಸಾವಿರಾರು ವರ್ಷಗಳ ಹಿಂದೆ ದನ ಸಾಕಿಕೊಂಡಿದ್ದ ನವಶಿಲಾಯುಗದ ಜನ ಇಲ್ಲಿ ಕಪ್ಪು ಕಲ್ಲನ್ನು ಒಡೆದು, ಉಜ್ಜಿ ಕೊಡಲಿ ಮಾಡುತ್ತಿದ್ದರು. ಬಂಡೆಗಳ ಮೇಲೆ ಗೂಳಿಗಳ ಚಿತ್ರಗಳಿವೆ. ಬಡಿದರೆ ಗಂಟೆಯಂತೆ ನಾದ ಕೊಡುವ ಕಲ್ಲುಗಳೂ ಇವೆ. ಸೈಕಲ್ಲನ್ನು ಬುಡದಲ್ಲೇ ನಿಲ್ಲಿಸಿ ನಡೆದು ಹತ್ತಬೇಕು. ಅಂಥ ಬಂಡೆಯ ಮೇಲೆ ಚಕ್ರ ಉರುಳಿಸುವುದು ಸಲ್ಲದು.

ಬಳ್ಳಾರಿ ಕೋಟೆಯ ಬಗ್ಗೆ ಅಲ್ಲಿ ಒಂದು ಪ್ರತೀತಿಯಿದೆ. ಹೈದರಾಲಿಯ ಕಾಲದಲ್ಲಿ ಕೋಟೆಯನ್ನು ಬಲಪಡಿಸಿದ ಫ್ರೆಂಚ್ ಎಂಜಿನಿಯರು ಪಕ್ಕದ ಕುಂಬಾರಗುಡ್ಡ ಇನ್ನೂ ಎತ್ತರವಾಗಿದೆಯೆಂಬುದನ್ನು ಗಮನಿಸಲಿಲ್ಲವಂತೆ. ಅದಕ್ಕಾಗಿ ಅವನನ್ನು ಗಲ್ಲಿಗೇರಿಸಿದರಂತೆ. ಸುತ್ತಿ ನೋಡದೆ ಕೆಲಸ ಮಾಡಿದರೆ ಹೀಗೇ. ಈ ಮಾತು ನನಗೂ ಚುಚ್ಚಿತು. ಯಾಕೆಂದು ಮುಂದೆ ಹೇಳುತ್ತೇನೆ.

ಕುರುಗೋಡು ಮತ್ತು ಸಿರುಗುಪ್ಪ

ಸುಮಾರು 28 ಕಿ.ಮೀ. ದೂರದ ಕುರುಗೋಡಿಗೆ ನಸುಕಿನಲ್ಲೇ ಹೊರಟೆ. ಹೊಲದ ಬದಿಯ ಬಂಡಿದಾರಿ, ಎರಡೂ ಕಡೆ ಜೋಳ, ಕಣದಲ್ಲಿ ಕೆಂಪಗೆ ಹರಡಿದ ಮೆಣಸಿನಕಾಯಿ. ಮೋಟಾರಿನ ಸದ್ದಿಲ್ಲದ್ದರಿಂದ ಕೌಜುಗದ ಕೂಗು ಕಿವಿಗೆ ಬೀಳುತ್ತಿತ್ತು. ಊರು ಸೇರಿ ದೊಡ್ಡ ಬಸವೇಶ್ವರನ ಏಕಶಿಲೆಯ ಮೂರ್ತಿಗೆ ಕೈಮುಗಿದು ನೆರಳಲ್ಲಿ ಕೂತಾಗ, ಐವತ್ತೆಂಟರ ಈ ಮೊಣಕಾಲು ಅಷ್ಟು ದೂರ ತುಳಿದದ್ದೇ ನನಗೆ ಸೋಜಿಗ. ಆದರೆ ಜಾಲಿಮುಳ್ಳು ಬಿಡಲಿಲ್ಲ, ಎರಡು ಪಂಕ್ಚರು! ಪ್ಯಾಚು, ಸೊಲ್ಯೂಷನ್, ಕೈಪಂಪು ಇಲ್ಲದೆ ಆ ಸೀಮೆಯಲ್ಲಿ ಸೈಕಲ್ ಹತ್ತಬಾರದು.

ಸುಮಾರು 55 ಕಿ.ಮೀ. ದೂರದ ಸಿರುಗುಪ್ಪಕ್ಕೆ ಸೈಕಲ್ಲನ್ನು ಗೂಡ್ಸ್ ಗಾಡಿಯಲ್ಲಿ ಹಾಕಿಕೊಂಡು ಹೋದೆವು. ತುಂಗಭದ್ರೆಯ ನೀರುಂಡ ಭತ್ತದ ನಾಡದು. ನೆಲ ಸಮತಟ್ಟು, ತುಳಿತ ಹಗುರ. ಆದರೆ ಒಂದು ಕಡೆ ಗದ್ದೆಯ ನೀರು ದಾರಿಗೆ ಹರಿದಿತ್ತು. ಎರೆಮಣ್ಣು ಒಣಗಿದ್ದಾಗ ಸಿಮೆಂಟು, ನೆನೆದಾಗ ಅಂಟು. ಹತ್ತು ಮಾರು ಹೋಗುವಷ್ಟರಲ್ಲಿ ಚಕ್ರವೇ ತಿರುಗಲಿಲ್ಲ. ಗದ್ದೆಯ ರೈತರೊಬ್ಬರು ಕಡ್ಡಿ ಕೊಟ್ಟು ಮಣ್ಣು ಕೆರೆಸಿದರು, ಮಜ್ಜಿಗೆಯನ್ನೂ ಕೊಟ್ಟರು. ಹಸಿ ಎರೆಯಲ್ಲಿ ತುಳಿಯುವುದಲ್ಲ, ಸೈಕಲ್ಲನ್ನು ಹೆಗಲಿಗೇರಿಸುವುದೇ ಜಾಣತನ.

ನಮ್ಮ ತೋಟಕ್ಕೆ ಬಂದ ಮೇಲೆ

ಈಗ ಆ ಚುಚ್ಚಿದ ಮಾತು. ಮೋಟಾರ್ ಸೈಕಲ್ಲು ಕೊಂಡ ಮೇಲೆ ನಾನು ಅದು ಹೋಗುವವರೆಗಿನ ತೋಟವನ್ನಷ್ಟೇ ನೋಡುತ್ತಿದ್ದೆ. ಮೊಣಕಾಲು ನೋವೆಂದು ಕೆಳಗಿನ ಮೂಲೆಗೆ ನಡೆಯುವುದನ್ನೂ ಬಿಟ್ಟಿದ್ದೆ. ಎರಡು ವರ್ಷದಲ್ಲಿ ಆ ಮೂಲೆಯ ಅರೇಬಿಕಾ ಗಿಡಗಳಿಗೆ ಬಿಳಿ ಕಾಂಡಕೊರಕ ಹತ್ತಿತು. ಕಾಂಡದ ಮೇಲಿನ ಉಬ್ಬುಗೆರೆಗಳು ಕಣ್ಣಿಗೆ ಬಿದ್ದಾಗ ಹೊತ್ತು ಮೀರಿತ್ತು. ನಲವತ್ತು ಗಿಡ ಕಿತ್ತು ಸುಡಬೇಕಾಯಿತು. ತಪ್ಪು ಹುಳದ್ದಲ್ಲ, ನನ್ನದು.

ಊರಿಗೆ ಮರಳಿದವನೇ ಅಂಥದೇ ಒಂದು ಹಳೆಯ ಸೈಕಲ್ಲು ಕೊಂಡೆ. ನಡೆದರೆ ನೋಯುವ ಮೊಣಕಾಲು ತುಳಿದರೆ ಅಷ್ಟು ನೋಯುವುದಿಲ್ಲ. ನೋವಿರುವವರು ವೈದ್ಯರನ್ನು ಕೇಳಿಯೇ ಹತ್ತಬೇಕೆಂಬುದು ಬೇರೆ ಮಾತು. ಈಗ ದಿನವೂ ಬೆಳಿಗ್ಗೆ ತೋಟದ ದಾರಿಯಲ್ಲಿ ಒಂದು ಸುತ್ತು. ಮೊದಲ ವಾರದಲ್ಲೇ ಹೂಳು ತುಂಬಿದ ಒಂದು ಬಸಿಗಾಲುವೆಯೂ ಕೊರಕ ಹತ್ತಿದ ಮೂರು ಗಿಡಗಳೂ ಕಣ್ಣಿಗೆ ಬಿದ್ದವು. ಕೊರಕದ ದುಂಬಿ ಹಾರುವುದು ಏಪ್ರಿಲ್–ಮೇ ಮತ್ತು ಅಕ್ಟೋಬರ್–ಡಿಸೆಂಬರ್ ತಿಂಗಳುಗಳಲ್ಲಿ. ಅದಕ್ಕೆ ಮುಂಚೆಯೇ ಆ ಮೂರನ್ನೂ ಕಿತ್ತು ಸುಟ್ಟೆ.

ಹತ್ತುವ ಮುನ್ನ ಗಮನಿಸಿ

ಹಿಮ್ಮಡಿ ಪೆಡಲಿನ ಮೇಲಿಟ್ಟಾಗ ಕಾಲು ನೇರವಾಗುವಷ್ಟು ಎತ್ತರಕ್ಕೆ ಸೀಟು ಇರಲಿ. ಇಳಿಜಾರಿನಲ್ಲಿ ಮೈಯನ್ನು ಹಿಂದಕ್ಕೆ ಸರಿಸಿ, ಎರಡೂ ಬ್ರೇಕನ್ನು ಮೆಲ್ಲಗೆ ಹಿಡಿಯಿರಿ. ಮುಂದಿನದನ್ನೇ ಒಮ್ಮೆಲೆ ಒತ್ತಿದರೆ ಮುಗ್ಗರಿಸುವುದು ಖಂಡಿತ. ಮಳೆಗಾಲದಲ್ಲಿ ಪಾಚಿಗಟ್ಟಿದ ಕಲ್ಲು, ಬಿದ್ದ ಅಡಿಕೆ ಹಾಳೆ ಇವುಗಳ ಮೇಲೆ ಚಕ್ರ ಜಾರುತ್ತದೆ, ಅಲ್ಲಿ ಇಳಿದು ನಡೆಯಿರಿ. ವಾರಕ್ಕೊಮ್ಮೆ ಚೈನಿಗೆ ಎಣ್ಣೆ ಹಾಕಿ.

ಪೆಟ್ರೋಲು ಉಳಿಯುವುದು ಸಣ್ಣ ಲಾಭ. ಮೈಗೆ ಬೆವರು, ಮನಸ್ಸಿಗೆ ಹಗುರ, ಕಣ್ಣಿಗೆ ತನ್ನದೇ ತೋಟ, ಇವು ದೊಡ್ಡ ಲಾಭ. ನಿಮ್ಮ ಅಟ್ಟದಲ್ಲಿ ತುಕ್ಕು ಹಿಡಿದ ಸೈಕಲ್ಲಿದ್ದರೆ ಈ ಭಾನುವಾರವೇ ಕೆಳಗಿಳಿಸಿ.