ತಳಿ ಸಂಶೋಧಕರಿಗೆ ಒಂದೇ ವಿಭಾಗದ ಪಾಠ ಸಾಲದು



ಭತ್ತದ ತಳಿ ಸರಿಬಾರದಿದ್ದರೆ ಮುಂದಿನ ವರ್ಷ ಬೇರೆ ಬೀಜ ಬಿತ್ತಬಹುದು. ಕಾಫಿ, ಅಡಿಕೆಗಳಲ್ಲಿ ಹಾಗಲ್ಲ. ಒಮ್ಮೆ ನೆಟ್ಟ ಗಿಡದ ಗುಣದೋಷಗಳನ್ನು ನಾವೂ ನಮ್ಮ ಮಕ್ಕಳೂ ಅನುಭವಿಸಬೇಕು. ಆದಕಾರಣ ತಳಿಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುವವರು ಏನು ಕಲಿಯುತ್ತಾರೆ, ಎಲ್ಲಿ ಕಲಿಯುತ್ತಾರೆ ಎಂಬುದು ನಮಗೂ ಸಂಬಂಧಪಟ್ಟ ವಿಚಾರ.

ನಮಗೆಲ್ಲ ಪರಿಚಿತವಾದ ಎಸ್. 795 ತಳಿಯನ್ನೇ ತೆಗೆದುಕೊಳ್ಳೋಣ. ಅರೇಬಿಕಾ ಮತ್ತು ಲೈಬೀರಿಕಾ ಸಹಜವಾಗಿ ಬೆರೆತು ಹುಟ್ಟಿದ ಗಿಡದ ಸಂತತಿ ಎಸ್. 288. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದವರು ಅದನ್ನು ಕೆಂಟ್ ತಳಿಯೊಡನೆ ಸಂಕರಿಸಿ ಪಡೆದ ಎಸ್. 795ನ್ನು 1940ರ ದಶಕದಲ್ಲಿ ಬೆಳೆಗಾರರಿಗೆ ಕೊಟ್ಟರು. ಎಲೆತುಕ್ಕನ್ನು ತಡೆಯುವ ಗುಣ ಲೈಬೀರಿಕಾದಿಂದ ಬಂತು. ಆದರೆ ತುಕ್ಕಿನ ಶಿಲೀಂಧ್ರವೂ ಸುಮ್ಮನೆ ಕೂರಲಿಲ್ಲ. ಅದರ ಹೊಸ ಬಗೆಗಳು ತಲೆದೋರಿ, ಕಾಲಕ್ರಮೇಣ ಗಿಡದ ನಿರೋಧಶಕ್ತಿ ಸಡಿಲವಾಯಿತು.

ಈ ಒಂದು ಸಮಸ್ಯೆಗೆ ಎಷ್ಟು ವಿದ್ಯೆಗಳು ಬೇಕು ನೋಡಿ. ಅರೇಬಿಕಾಕ್ಕೆ 44 ವರ್ಣತಂತುಗಳು, ರೊಬಸ್ಟಾ ಮತ್ತು ಲೈಬೀರಿಕಾಗಳಿಗೆ 22. ಇವನ್ನು ಬೆರೆಸಿದಾಗ ಏನಾಗುತ್ತದೆಂದು ತಿಳಿಯಲು ಸಸ್ಯಶಾಸ್ತ್ರ ಮತ್ತು ತಳಿಶಾಸ್ತ್ರ ಬೇಕು. ಶಿಲೀಂಧ್ರದ ನಡೆ ತಿಳಿಯಲು ರೋಗಶಾಸ್ತ್ರ ಬೇಕು. ಫಸಲು ಹೆಚ್ಚಿದ್ದು ತಳಿಯ ಗುಣದಿಂದಲೋ, ನೆರಳು-ಗೊಬ್ಬರದಿಂದಲೋ ಎಂದು ಬೇರ್ಪಡಿಸಿ ಹೇಳಲು ಸಂಖ್ಯಾಶಾಸ್ತ್ರ ಬೇಕು.

ಮೈಸೂರಿನಲ್ಲಿ ಇದಕ್ಕೆ ಒಳ್ಳೆಯ ಅನುಕೂಲವಿದೆ. ಮಾನಸಗಂಗೋತ್ರಿಯ ಒಂದೇ ಆವರಣದಲ್ಲಿ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ಸಂಖ್ಯಾಶಾಸ್ತ್ರ ವಿಭಾಗಗಳಿವೆ; ಕಾಫಿ ಮಂಡಳಿಯ ಜೈವಿಕ ತಂತ್ರಜ್ಞಾನ ಘಟಕವೂ ಅಲ್ಲೇ ಇದೆ. ಪ್ರಾಣಿಶಾಸ್ತ್ರ ವಿಭಾಗವು ಹಣ್ಣಿನ ಮೇಲೆ ಮುತ್ತುವ ಡ್ರೊಸೊಫಿಲಾ ನೊಣಗಳ ಸಂಶೋಧನೆಗೆ ಹೆಸರಾದದ್ದು. ನೊಣಕ್ಕೂ ಕಾಫಿಗೂ ಏನು ಸಂಬಂಧವೆಂದು ಕೇಳಬಹುದು. 8 ವರ್ಣತಂತುಗಳ ನೊಣವನ್ನೂ 6 ವರ್ಣತಂತುಗಳ ಅದರ ಬಂಧುವನ್ನೂ ಸಂಕರಿಸಿ, ತಲೆಮಾರುಗಟ್ಟಲೆ ಸಾಕಿ, ಹೊಸ ಕುಲಗಳು ರೂಪುಗೊಳ್ಳುವುದನ್ನು ಅಲ್ಲಿಯ ವಿಜ್ಞಾನಿಗಳು ತೋರಿಸಿದ್ದಾರೆ. ನೊಣದ ಒಂದು ತಲೆಮಾರಿಗೆ ಕೆಲವು ವಾರ ಸಾಕು. ಕಾಫಿಗೆ ವರ್ಷಗಳೇ ಬೇಕು. ಸಂಕರದ ನಿಯಮಗಳನ್ನು ನೊಣದಲ್ಲಿ ಕಣ್ಣಾರೆ ಕಂಡ ವಿದ್ಯಾರ್ಥಿ ಗಿಡದ ಮುಂದೆ ನಿಂತಾಗ ತಡವರಿಸುವುದಿಲ್ಲ.

ವಿಶ್ವವಿದ್ಯಾನಿಲಯ ಅನುದಾನ ಆಯೋಗದ 2022ರ ನಿಯಮಗಳಂತೆ ಸಂಶೋಧನಾ ವಿದ್ಯಾರ್ಥಿಗೆ ಪಠ್ಯವ್ಯಾಸಂಗ ಕಡ್ಡಾಯ. ವಿಷಯ ಹಲವು ಶಾಸ್ತ್ರಗಳಿಗೆ ಸೇರಿದ್ದಾದರೆ ಬೇರೆ ವಿಭಾಗದ ಅಥವಾ ಹೊರಗಿನ ಸಂಸ್ಥೆಯ ಸಹಮಾರ್ಗದರ್ಶಕರನ್ನು ನೇಮಿಸಲು ಅವಕಾಶವಿದೆ. ಈ ಅವಕಾಶ ಕಾಗದದಲ್ಲೇ ಉಳಿಯಬಾರದು. ಅಡಿಕೆಯ ವಿಷಯವಾದರೆ ವಿಟ್ಲದ ಕೇಂದ್ರದಲ್ಲೂ, ಕಾಫಿಯಾದರೆ ಬಾಳೆಹೊನ್ನೂರಿನಲ್ಲೂ ವಿದ್ಯಾರ್ಥಿ ಕೆಲವು ತಿಂಗಳು ಕಳೆಯುವಂತಾಗಬೇಕು.

ಇನ್ನೊಂದು ತೊಡಕಿದೆ. ಪಿಎಚ್.ಡಿ.ಗೆ ಕನಿಷ್ಠ 3 ವರ್ಷ, ಸಾಮಾನ್ಯವಾಗಿ ಹೆಚ್ಚೆಂದರೆ 6 ವರ್ಷ. ಅಷ್ಟರಲ್ಲಿ ಅಡಿಕೆ ಸಸಿ ಫಲಕ್ಕೆ ಬಂದರೆ ಹೆಚ್ಚು. ಒಬ್ಬ ವಿದ್ಯಾರ್ಥಿ ಪದವಿ ಪಡೆದು ಹೊರಟ ಮೇಲೆ ಅದೇ ಗಿಡಗಳನ್ನು ಇನ್ನೊಬ್ಬರು ಮುಂದುವರಿಸಬೇಕಾದರೆ ಲೆಕ್ಕ ಕೈಗೆ ಸಿಗಬೇಕು.

ಇಲ್ಲಿ ನಮ್ಮ ಪಾಲೂ ಇದೆ. ಸದಸ್ಯರು ಬೀಜ ಎಲ್ಲಿಂದ ತಂದದ್ದು, ನೆಟ್ಟ ವರ್ಷ ಯಾವುದು, ರೋಗ ಮೊದಲು ಕಂಡದ್ದು ಯಾವಾಗ, ಪ್ರತಿ ವರ್ಷದ ಫಸಲು ಎಷ್ಟು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಸುತ್ತಲಿನ ಗಿಡಗಳಿಗೆಲ್ಲ ತುಕ್ಕು ತಗಲಿದರೂ ಒಂದು ಗಿಡ ಹಸಿರಾಗಿಯೇ ನಿಂತಿದ್ದರೆ ಅದಕ್ಕೆ ಗುರುತು ಕಟ್ಟಿ ಸಂಶೋಧನಾ ಕೇಂದ್ರಕ್ಕೆ ತಿಳಿಸಬೇಕೆಂದು ವಿನಂತಿ.

– ಕಾರ್ಯದರ್ಶಿ